ಹಾರ್ಡ್‌ಡಿಸ್ಕುಗಳ ಜ್ಯೇಷ್ಠತಾ ಪಟ್ಟಿ

2003ನೇ ಇಸವಿ ಜುಲೈ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಸೇಡಮ್ಮಿನ ನಿವೃತ್ತ ಶಿರಸ್ತೇದಾರ ಪವಮಾನಾಚಾರ್ಯರ ಮನೆಯ ಕಂಪ್ಯೂಟರಿನಲ್ಲಿ ಜಾಗ ತೀರಿದೆ ಎಂದು ಅಧಿಕೃತವಾಗಿ ಪ್ರಕಟಿಸಲಾಯಿತು. ಪ್ರಕಟಣೆಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಲಾಯಿತು.

ಜಾಗ ತಿಂದವರು ಆಚಾರ್ಯರೇ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಕೈಸೇರಿದ ಸುತ್ತೋಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ತುಂಬಿದ್ದರು. ಪೇಚಿಗೆ ಸಿಕ್ಕವರು ಮಾತ್ರ ಅವರ ಹೆಂಡತಿ ಲೀಲಾಬಾಯಿ. ಲೀಲಾಬಾಯಿಯ ತಾಯಿ ಹಾಡಿದ ಬೀಸುವ ಹಾಡು, ಆರತಿ ಹಾಡು ಹದಿಮೂರು ಕ್ಯಾಸೆಟ್ಟುಗಳಲ್ಲಿದ್ದವು. ತಾಯಿ ಹೋಗಿ ಆರು ವರ್ಷ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತಿತ್ತು. ಟೇಪು ಹರಿಯುವ ಮೊದಲು ಹಾಡು ಕಂಪ್ಯೂಟರಿಗೆ ಏರಬೇಕು. ಸುತ್ತೋಲೆ ಅಳಿಸಿರೆಂದು ಅವರು ಒಮ್ಮೆ ಕೇಳಿದ್ದರು. ಲಿಖಿತ ವಿವರಣೆ ಕೋರಿ ನೋಟಿಸು ಬಂದಿತ್ತು.

ಹೀಗಾಗಿ ವಾಡಿಯಲ್ಲಿ ಹಳೆ ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟಿದ್ದ ಗುಲಾಮ ದಸ್ತಗೀರನಿಗೆ ಬುಲಾವು ಹೋಯಿತು. ದಸ್ತಗೀರ ಮಷೀನು ಬಿಚ್ಚುವ ಮೊದಲು ಗಿರಾಕಿಯ ಮುಖ ನೋಡುವ ಆಸಾಮಿ. ಆದರೂ ಮೊದಲ ಮಾತು ನಿಯತ್ತಿನಿಂದಲೇ ಆಡಿದ.

"ಆಚಾರ್ರ, ಒಂದೇ ಒಂದು ಹತ್ತು ಜಿಬಿದು ಹಾಕಸ್ರಿ. ಹಳೇದೇ ಅದ, ಖರೆ ಗಟ್ಟಿ ಅದ. ಹದಿನೈದು ನೂರಕ್ಕ ಕೆಲಸ ಖತಂ."

"ಮಂಜೂರಾಗಿದ್ದೂ ಅಷ್ಟೇ. ಆದ್ರ ಎಲ್ಲಾ ಕಾರಭಾರ ಒಬ್ಬನ ಕೈಯಾಗ ಕೊಡ್ಲಿಕ್ಕೆ ಬರಂಗಿಲ್ಲ. ಅಂವ ರಜಾ ಹಾಕಿದ್ರ ಆಫೀಸ್ ಯಾರು ನಡಸ್ತಾರ?"

"ಡಿಸ್ಕ್ ರಜಾ ಹಾಕಂಗಿಲ್ರಿ."

"ನೌಕರಿಗೆ ಸೇರಿದಾಗ ಗುಮಾಸ್ತರ ಬಗ್ಗೆ ನಾನೂ ಹಂಗೇ ತಿಳ್ಕೊಂಡಿದ್ದೆ."

ಹಾಗೆ ಅದೇ ಹಣಕ್ಕೆ ಮೂರು ಸಣ್ಣ ಡಿಸ್ಕು ಕೊಳ್ಳುವುದೆಂದು ತೀರ್ಮಾನವಾಯಿತು. ಆದರೆ ಮೂರು ದರಪಟ್ಟಿ ಬೇಕಿತ್ತು.

"ಈ ಸಾಮಾನಿಂದು ಸುತ್ತಮುತ್ತ ಅಂಗಡಿ ನಂದೊಂದೇ ಅದ್ರಿ," ಅಂದ ದಸ್ತಗೀರ.

"ಹಂಗಾರ ಮೂರೂ ನೀನೇ ಕೊಡು. ಬ್ಯಾರೆ ಬ್ಯಾರೆ ಪೆನ್ನಿಲೆ ಬರಿ."

ದಸ್ತಗೀರ ನೀಲಿ, ಕಪ್ಪು, ಹಸಿರು ಪೆನ್ನಿನಲ್ಲಿ ಬರೆದು ಕೊಟ್ಟ. ಹಸಿರು ಶಾಯಿ ಬಳಸಲು ಅವನಿಗೆ ಅಧಿಕಾರವಿಲ್ಲದ್ದರಿಂದ ಆ ದರಪಟ್ಟಿ ತಿರಸ್ಕೃತವಾಯಿತು. ಉಳಿದ ಎರಡರಲ್ಲಿ ಅವನು ತನ್ನನ್ನೇ ಸೋಲಿಸಿ ಗೆದ್ದ.

ಡಬ್ಬಿಯೊಳಗೆ ಕೇಬಲ್ಲಿಗೆ ನಾಲ್ಕೇ ಜೋಡಣೆ. ಇದ್ದ ಡಿಸ್ಕು ಒಂದು, ಹೊಸದಾಗಿ ಬಂದವು ಮೂರು. ಆದಕಾರಣ ಸಿಡಿ ಡ್ರೈವನ್ನು ಕಿತ್ತು, ಮುಂದಿನ ಆದೇಶದವರೆಗೆ ಅಲಮಾರಿಗೆ ನಿಯೋಜಿಸಲಾಯಿತು. ಡಬ್ಬಿಯಲ್ಲಿ ಎರಡಕ್ಕಷ್ಟೇ ಗೂಡಿತ್ತು. ಮಿಕ್ಕೆರಡನ್ನು ಹೊರಗೆ ಶಹಾಬಾದ್ ಫರ್ಸಿ ಕಲ್ಲಿನ ಮೇಲೆ ಕೂಡಿಸಿ ಟೇಬಲ್ ಫ್ಯಾನ್ ಹಚ್ಚಿದರು.

"ಕಂಪ್ಯೂಟರ್ ಯಾವುದರಿಂದ ಚಾಲೂ ಆಗಬೇಕ್ರಿ? ದೊಡ್ಡದೂ ಹೊಸಾದೂ ಮುಂದಿದ್ರ ಛಲೋ," ಅಂದ ದಸ್ತಗೀರ.

ಆಚಾರ್ಯರು ಕನ್ನಡಕದ ಮೇಲಿಂದ ನೋಡಿದರು. "ನಿನ್ನೆ ಬಂದವನ್ನ ಮುಂದ ಕುಂದ್ರಸಿದ್ರ ಹಿರಿಯರು ಕೋರ್ಟಿಗೆ ಹೋಗ್ತಾರ."

ತಯಾರಾದ ವರ್ಷದ ಪ್ರಕಾರ ಜ್ಯೇಷ್ಠತಾ ಪಟ್ಟಿ ಹೊರಬಿತ್ತು. 1996ರಲ್ಲಿ ಹುಟ್ಟಿ, ಯಾವುದೋ ಆಫೀಸಿನ ಹರಾಜಿನಲ್ಲಿ ದಸ್ತಗೀರನ ಕೈಗೆ ಬಂದ ಒಂದೂಕಾಲು ಜಿಬಿ ಡಿಸ್ಕಿಗೆ ಪ್ರಥಮ ಸ್ಥಾನ, ಸುತ್ತೋಲೆ ತುಂಬಿದ ಮನೆಯ ಡಿಸ್ಕಿಗೆ ಕೊನೆಯದು. ಆಕ್ಷೇಪಣೆಗೆ ಏಳು ದಿನ ಕಾಲಾವಕಾಶ. ಯಾವ ಡಿಸ್ಕೂ ತಕರಾರು ಸಲ್ಲಿಸಲಿಲ್ಲ. ಬೂಷ್ಟು ಮಾತ್ರ ಆ ಏಳು ದಿನವೂ ಕೆಲಸ ಮಾಡಿತು.

ಎಂಟನೆಯ ದಿನ ಹಿರಿಯ ಡಿಸ್ಕು ಅಡಕೊತ್ತಿನಂತೆ ಕಟಕಟ ಸದ್ದು ಮಾಡುತ್ತ ಕಂಪ್ಯೂಟರನ್ನು ಹನ್ನೊಂದು ನಿಮಿಷದಲ್ಲಿ ಎಬ್ಬಿಸಿತು. ದಸ್ತಗೀರ ಲೀಲಾಬಾಯಿಯ ಕಡೆ ತಿರುಗಿ ದನಿ ತಗ್ಗಿಸಿದ. "ಬಾಯಾರ, ನನ್ನ ಮಾಲೇ ಖರೆ, ಆದ್ರ ಇದು ಕೆಮ್ಮಾಕತ್ತದ. ಹಾಡು ಇದರಾಗ ಇಡಬ್ಯಾಡ್ರಿ."

ಆಚಾರ್ಯರ ಕಿವಿ ಚುರುಕು. "ಅಮೂಲ್ಯ ದಾಖಲೆ ಹಿರಿಯರ ಸುಪರ್ದಿನಾಗೇ ಇರಬೇಕು. ಪ್ರಮಿತಾ, ಪ್ರತಿ ಹಾಡಿನ ಒಂದು ನಕಲು ಎರಡನೇ ಡಿಸ್ಕಿಗೆ ಮಾಹಿತಿಗಾಗಿ, ಇನ್ನೊಂದು ಮೂರನೇದಕ್ಕ ಸೂಕ್ತ ಕ್ರಮಕ್ಕಾಗಿ."

"ಅಪ್ಪಾ, ಡಿಸ್ಕ್ ಏನು ಕ್ರಮ ತಗೋತದ?" ಮಗಳು ಪ್ರಮಿತಾ ಕೇಳಿದಳು.

"ನಮ್ಮ ಆಫೀಸಿನಾಗ ಯಾರು ತಗೋತಿದ್ರು? ಆದ್ರೂ ಕಳಿಸ್ತಿದ್ದಿವಿ."

ದಸ್ತಗೀರ ಮನಸ್ಸಿನಲ್ಲೇ ಹಿಸಾಬು ಹಾಕಿದ: ಮೂರು ಡಿಸ್ಕು, ಮೂರರಲ್ಲೂ ಅವೇ ಹಾಡು. ಇದು ಗೊತ್ತಿದ್ದರೆ ಒಂದೇ ಸಣ್ಣದು ಸಾಕಾಗುತ್ತಿತ್ತು. ಆದರೆ ಗಿರಾಕಿಯ ಮುಂದೆ ನಗುವುದು ಅವನ ಅಂಗಡಿಯ ಪದ್ಧತಿಯಲ್ಲ.

ಪ್ರಮಿತಾ ಹದಿನೈದು ದಿನ ಕೂತು ಹದಿಮೂರೂ ಕ್ಯಾಸೆಟ್ಟು ಏರಿಸಿದಳು. ಪ್ರತಿಯೊಂದು ಟೇಪೂ ಕೊನೆಯ ಸಲ ಹಾಡಿ ಹರಿದುಹೋಯಿತು. "ಇನ್ನ ನಮ್ಮವ್ವ ಈ ಡಬ್ಬಿಯೊಳಗ ಅಷ್ಟೇ," ಅಂದರು ಲೀಲಾಬಾಯಿ.

ದೀಪಾವಳಿಗೆ ನಾಲ್ಕು ದಿನ ಇರುವಾಗ ಹಿರಿಯ ಡಿಸ್ಕು ಟಕ್ ಅಂದು ನಿಂತಿತು. ಪರದೆ ಕಪ್ಪಾಯಿತು. ದಸ್ತಗೀರ ಸಿಕ್ಕ ಬಸ್ಸು ಹಿಡಿದು ಬಂದಾಗ ಆ ಮನೆಯಲ್ಲಿ ಮೊದಲ ಬಾರಿಗೆ ಅವನನ್ನು ಯಾರೂ ಚಹಾ ಬೇಕೇ ಎಂದು ಕೇಳಲಿಲ್ಲ.

"ದಸ್ತಗೀರ, ನಮ್ಮವ್ವ ಅದಾಳೋ ಇಲ್ಲೋ, ಅಷ್ಟ ಹೇಳಪಾ."

ಅವನು ಸ್ಕ್ರೂ ಬಿಚ್ಚಿದ. ಆಚಾರ್ಯರು ನಿಂತಲ್ಲೇ ಸಿಡಿ ಡ್ರೈವಿನ ನಿಯೋಜನೆ ರದ್ದುಪಡಿಸಿ ಅಲಮಾರಿಯಿಂದ ಬಿಡುಗಡೆ ಮಾಡಿದರು. ಎರಡನೇ ಡಿಸ್ಕನ್ನು ಮುಂದಕ್ಕೆ ಹಚ್ಚಿ, ಅದರಲ್ಲಿ ವಿಂಡೋಸ್ ಹಾಕಿ ಮುಗಿಸುವುದಕ್ಕೆ ಮಧ್ಯಾಹ್ನವಾಯಿತು. ಪ್ರಮಿತಾ ಒಂದು ಗುಂಡಿ ಒತ್ತಿದಳು. ಬೀಸುವ ಕಲ್ಲಿನ ಗರಗರ. ಅದರ ಹಿಂದೆಯೇ ಮುದುಕಿಯೊಬ್ಬಳ ದನಿ. ಮಾಹಿತಿಗಾಗಿ ಕಳಿಸಿದ್ದ ಹಾಡುಗಳು ಎಲ್ಲವೂ ಇದ್ದವು.

ಲೀಲಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, "ಕುಂದ್ರು, ಸುಸ್ಲಾ ಮಾಡ್ತೀನಿ," ಎಂದು ಮಂಡಕ್ಕಿ ನೆನೆಸಲು ಒಳಗೆ ಹೋದರು.

ಒಂದೇ ಹತ್ತು ಜಿಬಿ ಹಾಕಿದ್ದರೆ ಇವತ್ತು ಏನಾಗುತ್ತಿತ್ತು ಎಂಬುದನ್ನು ದಸ್ತಗೀರ ಪೂರ್ತಿ ಯೋಚಿಸಲಿಲ್ಲ. ಅರ್ಧ ಯೋಚಿಸಿ ಎರಡು ತಟ್ಟೆ ಸುಸ್ಲಾ ತಿಂದ.

ಹಿರಿಯ ಡಿಸ್ಕಿಗೆ ಶಾಲು ಹೊದಿಸಿ, ಕಾಯಿ ಒಡೆದು, ಎಲ್ಲರೂ ಫೋಟೋ ತೆಗೆಸಿಕೊಂಡು ಬೀಳ್ಕೊಟ್ಟರು. ಫರ್ಸಿಯ ಮೇಲೆ ಖಾಯಂ ಜಾಗ, ದಿನಕ್ಕೆ ಅರ್ಧ ತಾಸು ಫ್ಯಾನಿನ ಗಾಳಿ ಪಿಂಚಣಿಯಾಗಿ ಮಂಜೂರಾಯಿತು. ಸಿಡಿ ಡ್ರೈವ್ ಮತ್ತೆ ಅಲಮಾರಿಗೆ ಹೋಯಿತು. ತೆರವಾದ ಸ್ಥಾನಕ್ಕೆ ಅನುಕಂಪದ ಆಧಾರದ ಮೇಲೆ ಅದೇ ಕಂಪನಿಯ ಇನ್ನೊಂದು ಡಿಸ್ಕು ಬೇಕೆಂದರು. ದಸ್ತಗೀರ, "ವಾರಸುದಾರ ಸರ್ಟಿಫಿಕೇಟ್ ಹಚ್ಚೇ ಕೊಡ್ತೀನ್ರಿ," ಅಂದ. ಹಚ್ಚಿಯೂ ಕೊಟ್ಟ.

ಆ ಸುದ್ದಿ ಚಿತ್ತಾಪುರ, ಚಿಂಚೋಳಿಗೆ ಮುಟ್ಟಿತು. ವಾಡಿಯ ಅಂಗಡಿಯಲ್ಲಿ ಪ್ರತಿ ಹಳೆ ಡಿಸ್ಕಿಗೂ ಸೇವಾ ಪುಸ್ತಕ ಬಂತು. ಸೇವೆ ಹೆಚ್ಚಾದಷ್ಟೂ ದರ ಹೆಚ್ಚಾಯಿತು. ಮುಂದಿನ ಬೇಸಿಗೆಯಲ್ಲಿ ದಂಡೋತಿಯ ಅಣವೀರ ಬಂದು, ಗಾಜಿನ ಪೆಟ್ಟಿಗೆಯಲ್ಲಿದ್ದ ಹೊಚ್ಚಹೊಸ ನಲವತ್ತು ಜಿಬಿ ಡಿಸ್ಕು ತೋರಿಸಿ ಕೇಳಿದ.

"ಅದು ಕೊಡಂಗಿಲ್ಲಪಾ," ಅಂದ ದಸ್ತಗೀರ. "ಇನ್ನಾ ಪ್ರೊಬೇಷನ್‌ದಾಗ ಅದ. ಎರಡು ವರ್ಷ ಬಿಟ್ಟು ಬಾ."

ಅಣವೀರ ತಲೆಯಾಡಿಸಿ, ಪಾಳಿಯಲ್ಲಿ ತನ್ನ ಹೆಸರು ಬರೆಸಿ ಹೋದ. ಹನ್ನೆರಡನೆಯ ನಂಬರ್ ಬಂತು.