ಪೂಜೆಗೆ ಇಡದ ಪಾನಾಗಳು

ನನ್ನ ಹೆಂಡತಿ ರಾಜಶ್ರೀಗೆ ತುಕ್ಕಿಗೂ ಹೊಲಸಿಗೂ ಇರುವ ವ್ಯತ್ಯಾಸ ಗೊತ್ತಿಲ್ಲ. ಗೊತ್ತಿದ್ದರೆ ನಮ್ಮ ಮನೆ ಇಷ್ಟು ಹೊತ್ತಿಗೆ ವಸ್ತುಸಂಗ್ರಹಾಲಯವಾಗಿರುತ್ತಿತ್ತು. (ಅವಳ ಪ್ರಕಾರ ಅದು ಈಗಾಗಲೇ ಗುಜರಿ ಅಂಗಡಿ.)

ನಾನು ಸಿಂಧನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟವನು. ಹಳೆಯ ಪಾನಾಗಳನ್ನು, ಅಂದರೆ ನಟ್ಟು ಬಿಚ್ಚುವ ಸ್ಪ್ಯಾನರುಗಳನ್ನು, ಕೂಡಿಸುವುದು ನನ್ನ ಹುಚ್ಚು. ಅದರಲ್ಲೂ ತಿರುಪು ತಿರುವಿದರೆ ಬಾಯಿ ಸಣ್ಣದು ದೊಡ್ಡದು ಆಗುವ ಪಾನಾ ಕಂಡರೆ ನನ್ನ ಬಾಯಿಯೂ ತಾನಾಗಿ ತೆರೆದುಕೊಳ್ಳುತ್ತದೆ. ಲಿಂಗಸುಗೂರಿನ ಗುಜರಿಯಲ್ಲಿ ಮೊಣಕಾಲೂರಿ ಹುಡುಕಿದ್ದೇನೆ. ಮಸ್ಕಿಯ ಸೈಕಲ್ ಅಂಗಡಿಯ ಅಟ್ಟ ಹತ್ತಿ ಹಲ್ಲಿಯೊಡನೆ ಮುಖಾಮುಖಿಯಾಗಿದ್ದೇನೆ. ಸಂಗ್ರಹದ ಪಟ್ಟದಾನೆ ಮಾತ್ರ ಸಿಕ್ಕಿದ್ದು ಹಟ್ಟಿಯಲ್ಲಿ. ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರ ಮನೆಯಲ್ಲಿ ಅದು ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಭಾರಕ್ಕೆಂದು ಕೂತಿತ್ತು. ಮೊಳದುದ್ದ, ಮೈತುಂಬ ಕಂದು ತುಕ್ಕು, ಬಾಯಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಅದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ನನ್ನನ್ನು ನೋಡಿ ಆ ಹಿರಿಯರ ಕಣ್ಣಲ್ಲೂ ಬಂತು, ನಗು ತಡೆಯಲಾಗದೆ.

ಇಷ್ಟಾದರೂ ಒಂದು ನಟ್ಟನ್ನೂ ಬಿಚ್ಚಿದವನಲ್ಲ ನಾನು. ಯಾವ ಕಡೆ ತಿರುವಬೇಕೆಂಬುದರಲ್ಲೇ ಅನುಮಾನ. ಮೊಬೈಲಿನಲ್ಲಿ ನಮ್ಮಂಥ ಸಂಗ್ರಾಹಕರದೊಂದು ಗುಂಪಿದೆ. ಅದರ ಕಟ್ಟಪ್ಪಣೆ ಏನೆಂದರೆ ತುಕ್ಕು ಉಜ್ಜಬಾರದು, ಎಣ್ಣೆ ಹಾಕಬಾರದು, ಬಳಸುವುದಂತೂ ಮಹಾಪಾಪ. ದಸರೆ ಮುಗಿಯುತ್ತಲೇ ಪಟ್ಟದಾನೆಯ ಫೋಟೋ ಹಾಕಿ ಆ ಗುಂಪಿನ ಸಮಸ್ತರ ಹೊಟ್ಟೆ ಉರಿಸಬೇಕೆಂಬುದು ನನ್ನ ಮಹಾಸಂಕಲ್ಪವಾಗಿತ್ತು.

ಆಯುಧ ಪೂಜೆಯ ಮುಂಜಾನೆ ರಾಜಶ್ರೀ ಮನೆಯ ಕಬ್ಬಿಣವನ್ನೆಲ್ಲ ದೇವರ ಮುಂದೆ ತಂದು ಸಾಲಾಗಿ ಇಟ್ಟಳು. ಈಳಿಗೆಮಣೆ, ಸುತ್ತಿಗೆ, ನನ್ನ ಅಂಗಡಿಯ ಕತ್ತರಿ, ಗಜಕೋಲು. ಆಮೇಲೆ ಒಂದು ಬಟ್ಟಲು ಹುಣಸೆಹಣ್ಣು ಹಿಡಿದು ನನ್ನ ಕಪಾಟಿನ ಕಡೆ ಹೊರಟಳು. ನಾನು ಹಿಂದೆಯೇ ಓಡಿದೆ.

"ಎಲ್ಲಿಗಿ ಹೊಂಟಿ?"

"ನಿಮ್ಮ ಪಾನಾ ತಿಕ್ಕಾಕ. ಮೈಗೆಲ್ಲಾ ಹೊಲಸು ಮೆತ್ಕೊಂಡಾವು. ಹಿಂಗ ಹೆಂಗ ಪೂಜಿಗಿ ಇಡೂದು?"

ನಾನು ಕಪಾಟಿಗೆ ಅಡ್ಡ ನಿಂತೆ. "ಅವಕ್ಕ ಪೂಜಿ ಬ್ಯಾಡ. ಅವು ಆಯುಧ ಅಲ್ಲ, ಇತಿಹಾಸ!"

"ಪಾನಾ ಆಯುಧ ಅಲ್ಲೇನ್ರೀ?"

"ಬ್ಯಾರೇರ ಪಾನಾ ಆಯುಧ. ನನ್ನವು ಅಲ್ಲ!"

"ಆತು ಬಿಡ್ರಿ," ಎಂದು ಅವಳು ಹುಣಸೆಹಣ್ಣನ್ನು ಸಾರಿಗೆ ಹಾಕಿದಳು. ಮದುವೆಯಾದಂದಿನಿಂದ ಅವಳು ಇಷ್ಟು ಸುಲಭವಾಗಿ ಸೋತದ್ದಿಲ್ಲ. ಆಗಲೇ ನನಗೆ ಭಯವಾಗಬೇಕಿತ್ತು.

ಮಧ್ಯಾಹ್ನ ಹೋಳಿಗೆ ಬೇಯುತ್ತಿರುವಾಗ ಓಣಿಯಲ್ಲಿ "ನಳ ಬಂದಾವ!" ಎಂಬ ಕೂಗೆದ್ದಿತು. ನೀರು ಬಂದ ಜೋರಿಗೆ ನಮ್ಮ ಅಂಗಳದ ಪೈಪಿನ ಜೋಡಣೆ ಸಡಿಲಾಗಿ ಕಾರಂಜಿ ಚಿಮ್ಮಿತು. ರಂಗೋಲಿ ಕೊಚ್ಚಿ ಹೋಯಿತು, ನೀರು ಹೊಸ್ತಿಲು ದಾಟಿ ಪಡಸಾಲೆಗೆ ಬಂತು. ನಾನು ಪಕ್ಕದ ಮನೆಯ ಬಾಬುಸಾಬನ ಬಳಿಗೆ ಓಡಿದೆ. ಅವನೂ ಹುಲಿಗೇಶನೂ ಪಾಲಿನಲ್ಲಿ ಮೋಟಾರು, ನಳ ರಿಪೇರಿ ಅಂಗಡಿ ಇಟ್ಟಿದ್ದಾರೆ.

"ಸಾವ್ಕಾರ್ರ, ಕೈ ಖಾಲಿ ಅದಾವ್ರಿ, ಆದ್ರ ಪಾನಾ ಖಾಲಿ ಇಲ್ಲ," ಎಂದ ಬಾಬುಸಾಬ. "ಹುಲಿಗೇಶ ಎಲ್ಲಾ ಸಾಮಾನಿಗೂ ಕುಂಕುಮ ಹಚ್ಚಿ ಕುಂಬಳಕಾಯಿ ಒಡದಾನ. ಪೂಜಿಗಿ ಇಟ್ಟಿದ್ದನ್ನ ನಾಳಿತನಕ ನಾನೂ ಎತ್ತಂಗಿಲ್ಲ. ಪೂಜಿ ಆಗಲಾರದ ಪಾನಾ ಒಂದು ತಂದು ಕೊಡ್ರಿ, ಚಿಟಿಕಿ ಹೊಡಿಯೂದ್ರಾಗ ಬಿಗಿ ಮಾಡ್ತೀನಿ."

"ಇವತ್ತ ಪೂಜಿ ಆಗಲಾರದ ಪಾನಾ ಇಡೀ ಊರಾಗ ಎಲ್ಲಿ ಸಿಗ್ತೈತೋ ಮಾರಾಯಾ?"

"ನಮ್ಮನ್ಯಾಗ ಅದಾವ," ಎಂದು ಹಿಂದಿನಿಂದ ರಾಜಶ್ರೀಯ ಧ್ವನಿ ಬಂತು. "ಒಂದು ಕಪಾಟು ತುಂಬ."

ಅವಳ ಒಂದು ಕೈಯಲ್ಲಿ ಹಟ್ಟಿಯ ಪಟ್ಟದಾನೆ, ಇನ್ನೊಂದರಲ್ಲಿ ಎಣ್ಣೆಯ ಬಟ್ಟಲು ಇತ್ತು.

"ಅದನ್ನ ಮುಟ್ಟಬ್ಯಾಡ! ಅದು ಇತಿಹಾಸ!"

"ಇತಿಹಾಸಕ್ಕ ಇವತ್ತ ಸೂಟಿ ಇಲ್ರೀ," ಎಂದವಳೇ ಹೋಳಿಗೆ ಬೇಯಿಸುವ ಶೇಂಗಾ ಎಣ್ಣೆಯನ್ನು ಅದರ ಬಾಯಿಗೆ ಸುರಿದಳು. ಸುತ್ತಿಗೆ ಪೂಜೆಯಲ್ಲಿ ಕೂತಿದ್ದರಿಂದ ಬಾಬುಸಾಬ ಹಿತ್ತಲಿನ ಕಲ್ಲು ತಂದು ಕುಟ್ಟಿದ. ಚಕ್ಕೆ ಚಕ್ಕೆ ತುಕ್ಕು ಉದುರಿತು. ಪಟ್ಟದಾನೆ ಕಿರ್ರೆಂದು ಬಾಯಿ ಬಿಟ್ಟಿತು. ನನ್ನ ಜೀವವೂ ಹಾಗೇ ಕಿರ್ರೆಂದಿತು. ಬಾಬುಸಾಬ ಅದರಿಂದಲೇ ಅಂಗಳದ ಪೈಪು ಬಿಗಿದ, ನೀರು ನಿಂತಿತು.

ಸುದ್ದಿ ಮಾತ್ರ ನಿಲ್ಲಲಿಲ್ಲ. ಪೂಜೆಯಾಗದ ಪಾನಾ ಇರುವ ಮನೆ ಎಂದು ಓಣಿಗೆಲ್ಲ ಗೊತ್ತಾಯಿತು. ವಿರೇಶನ ಮೋಟಾರಿನ ನಟ್ಟು ಸಡಿಲಾಗಿತ್ತು. ನಗ್ಮಾಳ ಮನೆಯ ನಳ ಸೋರುತ್ತಿತ್ತು. ಊರ ಹತ್ತಿರದ ಆರ್.ಎಚ್. ಕ್ಯಾಂಪಿನಿಂದ ಹಬ್ಬದೂಟಕ್ಕೆ ಬಂದ ಅತಿಥಿಯೊಬ್ಬರ ಬೈಕಿನ ಚೈನು ಬಿಚ್ಚಿಕೊಂಡಿತ್ತು. ಎಲ್ಲರೂ ನಮ್ಮ ಬಾಗಿಲಿಗೆ ಬಂದು ನಿಂತರು.

ನಾನು ಹಿಂದಿನ ಬಾಗಿಲಿನಿಂದ ಒಳಗೆ ನುಸುಳಿ ಕಪಾಟು ತೆರೆದೆ. ಪಾನಾಗಳಿಗೆಲ್ಲ ಗಡಿಬಿಡಿಯಲ್ಲಿ ವಿಭೂತಿ ಬಳಿದೆ, ಕುಂಕುಮ ಎರಚಿದೆ, ಊದಿನಕಡ್ಡಿ ಹಚ್ಚಿದೆ, ಟಪ್ಪನೆ ಒಂದು ತೆಂಗಿನಕಾಯಿಯನ್ನೂ ಒಡೆದೆ. (ಅರ್ಧ ಹೋಳು ಸಿಡಿದು ಮಂಚದ ಕೆಳಗೆ ಹೋಯಿತು.) ಆಮೇಲೆ ಮಠದ ಸ್ವಾಮಿಗಳ ಗಾಂಭೀರ್ಯದಿಂದ ಹೊರಗೆ ಬಂದು ಕೈ ಮುಗಿದೆ.

"ತಪ್ಪು ತಿಳೀಬ್ಯಾಡ್ರಿ. ಪೂಜಿ ಆಗೈತಿ. ನಾಳಿತನಕ ಎತ್ತಂಗಿಲ್ಲ."

ಬಂದವರು ಎರಡು ಹೆಜ್ಜೆ ಹಿಂದೆ ಸರಿದರು. ಕೆಲವರು ಕಪಾಟಿನ ಕಡೆ ತಿರುಗಿ ಭಕ್ತಿಯಿಂದ ಕೈ ಮುಗಿದರು ಕೂಡ. ನನ್ನ ಬುದ್ಧಿಗೆ ನಾನೇ ಬೆರಗಾದೆ.

"ಮುಂಜಾನಿ ಏನಂದ್ರಿ ನೀವು?" ಎಂದಳು ರಾಜಶ್ರೀ, ಬಹಳ ಮೆತ್ತಗೆ. "ನಾ ಪೂಜಿಗಿ ಇಡತೀನಂದ್ರ, ಇವು ಆಯುಧ ಅಲ್ಲ, ಇತಿಹಾಸ ಅಂತ ಅಡ್ಡ ನಿಂತ್ರಿ ಹೌದಿಲ್ಲೋ?"

ಎಲ್ಲರೂ ಬಾಬುಸಾಬನ ಮುಖ ನೋಡಿದರು. ಅವನು ಗಡ್ಡ ನೀವಿಕೊಂಡು ಯೋಚಿಸಿದ.

"ಆಯುಧಕ್ಕ ಪೂಜಿ ಮಾಡಿದ್ರ ಎತ್ತಬಾರದು, ಖರೇ. ಇತಿಹಾಸಕ್ಕ ಪೂಜಿ ಮಾಡಿದ್ರ ಎತ್ತಬಾರದಂತ ನಾ ಎಲ್ಲೂ ಕೇಳಿಲ್ರೀ ಸಾವ್ಕಾರ್ರ."

ತೀರ್ಪು ಬಿತ್ತು. ರಾಜಶ್ರೀ ಒಂದೊಂದೇ ಪಾನಾದ ಕುಂಕುಮವನ್ನು ಸೆರಗಿನಿಂದ ಒರೆಸಿ ಹಂಚಿದಳು. ಕಪಾಟಿನಲ್ಲಿ ಊದಿನಕಡ್ಡಿಯ ಬೂದಿಯಷ್ಟೇ ಉಳಿಯಿತು.

ಸಂಜೆ ಎಲ್ಲವೂ ತಿರುಗಿ ಬಂದವು. ಇಸ್ಕೊಂಡ ಸಾಮಾನನ್ನು ಹೊಲಸು ಮಾಡಿ ಕೊಡುವ ಜನವಲ್ಲ ನಮ್ಮವರು. ಉಪ್ಪುಕಾಗದ ಹಚ್ಚಿ ಉಜ್ಜಿ, ಎಣ್ಣೆ ಒರೆಸಿ, ಫಳಫಳ ಹೊಳೆಸಿ ಕೊಟ್ಟರು. ಪಟ್ಟದಾನೆ ಈಗ ನಿನ್ನೆ ಪೇಟೆಯಲ್ಲಿ ಕೊಂಡದ್ದರಂತೆ ಕಾಣುತ್ತದೆ. ಅದರ ಫೋಟೋ ಹಾಕಿದರೆ ಗುಂಪಿನವರು ನನ್ನನ್ನೇ ಹೊರಗೆ ಹಾಕುತ್ತಾರೆ.

ಹೋಗುವಾಗ ವಿರೇಶ ಬಾಗಿಲಲ್ಲಿ ನಿಂತು ಕಳಕಳಿಯಿಂದ ಹೇಳಿದ: "ಸಾವ್ಕಾರ್ರ, ಬರೂ ವರ್ಷನೂ ಇವನ್ನ ಪೂಜಿಗಿ ಇಡಬ್ಯಾಡ್ರಿ. ನೀವು ಹೇಳೂದು ಖರೇ ಐತಿ. ಇವು ಆಯುಧ ಅಲ್ಲ."

"ಅಲ್ಲವೇ ಅಲ್ಲ," ಎಂದಳು ನಗ್ಮಾ. "ಇತಿಹಾಸ," ಎಂದ ಬಾಬುಸಾಬ. ಓಣಿಯೆಲ್ಲ ತಲೆಯಾಡಿಸಿತು.

ಈ ಮಾತನ್ನು ಯಾರಾದರೂ ಒಬ್ಬರು ಒಪ್ಪಲಿ ಎಂದು ನಾನು ಎಷ್ಟು ಕಾಲದಿಂದ ಗಂಟಲು ಹರಿದುಕೊಂಡಿದ್ದೆ! ಈಗ ಎಲ್ಲರೂ ಒಪ್ಪಿದ್ದಾರೆ. ಒಪ್ಪದೆ ಉಳಿದವನು ನಾನೊಬ್ಬನೇ.