ಕಾಡುಗೋಡಿಗೆ ನಾನೇ ಓಡಿಸಿದ ಕಾರು

ಇತಿಹಾಸ ಓದಿದರೆ ಧೈರ್ಯ ಬರುತ್ತದೆ ಎನ್ನುತ್ತಾರೆ. ಬರುತ್ತದೆ, ನಿಜ. ಕ್ಲಚ್ಚಿನಿಂದ ಹದವಾಗಿ ಕಾಲು ಎತ್ತುವುದು ಮಾತ್ರ ಬರುವುದಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡ ನಾನು ಐವತ್ತೆರಡರಲ್ಲಿ ಡ್ರೈವಿಂಗ್ ಲೈಸೆನ್ಸ್ ಪಡೆದೆ. ಆಮೇಲೆ ಎರಡು ವರ್ಷ ಅದು ಬೀರುವಿನಲ್ಲಿ ರೇಷ್ಮೆ ಸೀರೆಗಳ ಜೊತೆ ಮಲಗಿತ್ತು. ಪೀಣ್ಯದಲ್ಲಿ ಲೇತ್ ಮಷೀನುಗಳ ನಡುವೆ ಬದುಕುವ ನಮ್ಮ ಯಜಮಾನರಿಗೆ, ಯಂತ್ರ ಯಾವುದೇ ಇರಲಿ, ತಮ್ಮ ಕೈಯಲ್ಲಿದ್ದರೇ ಕ್ಷೇಮ ಎಂಬ ನಂಬಿಕೆ. ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಓಡಿಸಿದರೂ ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಾ, “ನಿರ್ಮಲಾ, ಹಸು! ನಿರ್ಮಲಾ, ಹಂಪು!” ಎಂದು ಕೂಗುತ್ತಿದ್ದರು. ಹಿಂದೆ ಇಂಗ್ಲೆಂಡಿನಲ್ಲಿ ಯಂತ್ರದ ಗಾಡಿಯ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕೆಂಬ ಕಾನೂನಿತ್ತಂತೆ. ಪುಣ್ಯಾತ್ಮ, ಅವನಾದರೂ ಗಾಡಿಯ ಹೊರಗಿರುತ್ತಿದ್ದ.

ಒಂದು ಶನಿವಾರ ಎಂಟನೇ ತರಗತಿಯಲ್ಲಿ ಕಾರಿನ ಕಥೆ ಹೇಳುತ್ತಿದ್ದೆ. ಜರ್ಮನಿಯಲ್ಲಿ ಮೊದಮೊದಲ ಮೋಟಾರು ಗಾಡಿ ಮಾಡಿದವನ ಹೆಂಡತಿ, ಗಂಡನಿಗೆ ಹೇಳದೆ, ಇಬ್ಬರು ಮಕ್ಕಳೊಂದಿಗೆ ಅದೇ ಗಾಡಿಯಲ್ಲಿ ತವರಿಗೆ ಹೊರಟಳು. ದಾರಿಯಲ್ಲಿ ಔಷಧದಂಗಡಿಯಲ್ಲಿ ಇಂಧನ ಕೊಂಡಳು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ನೀವ್ ಕಾರ್ ಓಡಿಸ್ತೀರಾ?” ಎಂದಳು.

“ಲೈಸೆನ್ಸ್ ಇದೆ,” ಎಂದೆ.

“ಅಲ್ಲ ಮಿಸ್, ಓಡಿಸ್ತೀರಾ?”

ತರಗತಿಯೆಲ್ಲ ನನ್ನನ್ನೇ ನೋಡುತ್ತಿತ್ತು. “ನಾಳೆ ಓಡಿಸ್ತೀನಿ,” ಎಂದುಬಿಟ್ಟೆ.

ಭಾನುವಾರ ಯಜಮಾನರು ಏಳುವ ಮುಂಚೆ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದೆ: “ಕಾಡುಗೋಡಿಗೆ, ಅಕ್ಕನ ಮನೆಗೆ. ಕಾರಿನಲ್ಲಿ. ದೋಸೆ ಹಿಟ್ಟು ಒಳಗಿದೆ.” ಹೆಬ್ಬಾಳದವರೆಗೆ ದೇವರು ಓಡಿಸಿದ. ಮಹದೇವಪುರದ ಹತ್ತಿರ ಒಂದು ಏರಿನಲ್ಲಿ ಸಿಗ್ನಲ್ ಬಿದ್ದಿತು. ಹಸಿರಾದಾಗ ಕಾರು ಮುಂದೆ ಹೋಗುವ ಬದಲು ಹಿಂದಕ್ಕೆ ಜಾರಿ ಆಫಾಯಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಆಫ್. ಹಿಂದೆ ಕಂಪನಿ ಬಸ್ಸು. ಅದರ ಹಿಂದೆ ಇಡೀ ಬೆಂಗಳೂರು ಹಾರ್ನ್ ಹೊಡೆಯುತ್ತಿರುವಂತೆ ಕೇಳಿಸಿತು. ಅಂಗೈ ಬೆವರಿ ಸ್ಟಿಯರಿಂಗ್ ಜಾರುತ್ತಿತ್ತು.

ಬಸ್ಸಿನ ಡ್ರೈವರ್ ಇಳಿದು ಬಂದ. “ಮೇಡಂ, ಇಳೀರಿ. ನಾನ್ ಹತ್ತಿಸಿಕೊಡ್ತೀನಿ.”

ಇಳಿದುಬಿಟ್ಟರೆ ಮತ್ತೆಂದೂ ಈ ಸೀಟಿನಲ್ಲಿ ಕೂರುವುದಿಲ್ಲವೆಂದು ಆ ಕ್ಷಣ ಗೊತ್ತಾಯಿತು. “ಬೇಡಪ್ಪ, ನಾನೇ ಹತ್ತಿಸ್ತೀನಿ. ಹೇಗೆ ಅಂತ ಹೇಳಿಕೊಡಿ ಸಾಕು,” ಎಂದೆ.

ಆತ ಹಿಂದಿನ ಗಾಡಿಗಳಿಗೆ ಕೈ ಅಡ್ಡ ತೋರಿಸಿ ನಿಂತ. “ಹ್ಯಾಂಡ್ ಬ್ರೇಕ್ ಎಳೀರಿ. ಈಗ ಕ್ಲಚ್ ನಿಧಾನಕ್ಕೆ ಬಿಡಿ, ಆಕ್ಸಿಲರೇಟರ್ ಕೊಡಿ. ಗಾಡಿ ಎಳೀತಿದೆ ಅನ್ಸಿದಾಗ ಹ್ಯಾಂಡ್ ಬ್ರೇಕ್ ಬಿಡಿ. ಹಾಂ, ಹಾಂ, ಈಗ ಬಿಡಿ!”

ಕಾರು ಹತ್ತಿತು. ಥ್ಯಾಂಕ್ಸ್ ಹೇಳಲು ನಿಲ್ಲಿಸಿದರೆ ಮತ್ತೆ ಆಫಾದೀತೆಂದು ಹೆದರಿ, ಕನ್ನಡಿಯಲ್ಲೇ ತಲೆಯಾಡಿಸಿ ಮುಂದೆ ಹೋದೆ.

ಅಕ್ಕನ ಮನೆ ತಲುಪಿದಾಗ ಹನ್ನೊಂದು ದಾಟಿತ್ತು. ಒಳಗೆ ಹೋದರೆ ಯಜಮಾನರು ಉಪ್ಪಿಟ್ಟು ತಿನ್ನುತ್ತಾ ಕೂತಿದ್ದರು! ಚೀಟಿ ನೋಡಿ, ಕೈಗೆ ಸಿಕ್ಕ ಅಂಗಿ ತೊಟ್ಟು ಮೆಟ್ರೋ ಹತ್ತಿ, ನನಗಿಂತ ಅರ್ಧ ಗಂಟೆ ಮುಂಚೆ ಬಂದಿದ್ದರು. ಅಂಗಿಯ ಗುಂಡಿಗಳು ಒಂದೊಂದು ತೂತು ಮೇಲಕ್ಕೆ ಸೇರಿಕೊಂಡಿದ್ದವು.

“ಫೋನ್ ಯಾಕೆ ಮಾಡ್ಲಿಲ್ಲ?” ಎಂದೆ.

“ಓಡಿಸ್ತಾ ಇರ್ತೀಯ, ಗಾಬರಿ ಆಗ್ತೀಯ ಅಂತ,” ಎಂದರು ತಟ್ಟೆ ನೋಡುತ್ತಾ. ಜಗಳಕ್ಕೆಂದು ದಾರಿಯಲ್ಲೇ ಸಿದ್ಧಪಡಿಸಿಕೊಂಡಿದ್ದ ಮಾತುಗಳೆಲ್ಲ ನನಗೆ ಮರೆತುಹೋದವು.

ಸಂಜೆ ಹೊರಡುವಾಗ ಅಭ್ಯಾಸಬಲದಿಂದ ಕೀಲಿಗೆ ಕೈ ಚಾಚಿದರು. ನಾನು ಕೊಡಲಿಲ್ಲ. ಸುಮ್ಮನೆ ಎಡಗಡೆ ಹೋಗಿ ಕೂತರು. ಹಸು ಬಂತು, ಹಂಪು ಬಂತು, ಅವರು ತುಟಿ ಬಿಚ್ಚಲಿಲ್ಲ. ತುಮಕೂರು ರಸ್ತೆಗೆ ಬರುವಷ್ಟರಲ್ಲಿ ನನ್ನೊಳಗೊಬ್ಬಳು ಮಹಾರಾಣಿ ಕೂತಿದ್ದಳು. ಅಷ್ಟರಲ್ಲಿ ಮುಂದೊಂದು ಎಲ್ ಬೋರ್ಡಿನ ಕಾರು ತೆವಳತೊಡಗಿತು. ಒತ್ತಿದೆ ಹಾರ್ನು, ಎರಡು ಸಲ.

“ಪಾಪ, ಯಾರೋ ಹೊಸಬರು ಕಣೆ,” ಎಂದರು ಯಜಮಾನರು.

“ಹೊಸಬರಾದ್ರೆ ಮನೇಲಿರ್ಬೇಕಪ್ಪ! ರೋಡಿಗ್ಯಾಕೆ ಬರ್ತಾರೆ?” ಎಂದ ದನಿ ನನ್ನದೇ. ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಹೆಗಲು ಕುಲುಕುತ್ತಿದ್ದದ್ದು ಮಾತ್ರ ಹಂಪಿನಿಂದಲ್ಲ.