ಏಡಿ ಸತ್ತ ಮೇಲೆ

ಮೀಟರ್ ಓದುವವನಿಗೆ ಹೇಳಿಕೊಳ್ಳುವಂಥ ಗೆಲುವು ಒಂದೂ ಇರಲಿಲ್ಲ, ಒಂದನ್ನು ಬಿಟ್ಟರೆ. ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲು. ನೀರು ಸರಬರಾಜು ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಅದೇ ಹುದ್ದೆ, ಅದೇ ಹೆಗಲುಚೀಲ. ಆದರೆ ಹದಿನಾಲ್ಕನೇ ವಯಸ್ಸಿನಲ್ಲಿ, ಟೈಲರ್ ಅಂಗಡಿಯ ಮೂಲೆಯಲ್ಲಿದ್ದ ವಿಡಿಯೊ ಗೇಮ್ ಮಷಿನ್ನಿನಲ್ಲಿ, ಅವನು ಏಡಿ ರಾಜನನ್ನು ಕೊಂದಿದ್ದ. ಏಡಿ ಸತ್ತ ಕೂಡಲೇ ಪರದೆ ತುಂಬ ಕೆಂಪು, ಹಳದಿ, ನೀಲಿ ಚೌಕಗಳು ಕುಣಿದು, ಮಷಿನ್ನು ಒಂದೇ ಸಮನೆ ಕುಂಯ್ ಎಂದಿತ್ತು. ಆಟ ಮುಗಿಸಿದವನಿಗೆ ಮಷಿನ್ನೇ ಮಾಡುವ ಸನ್ಮಾನ ಅದು ಎಂದು ಇದ್ದವರೆಲ್ಲ ಚಪ್ಪಾಳೆ ತಟ್ಟಿದ್ದರು. ಅವತ್ತಿನಿಂದ ಬೀದಿಗೆಲ್ಲ ಅವನು ಚಾಂಪಿಯನ್. ಮರುವಾರ ಮಷಿನ್ನಿನ ಚಿತ್ರವೆಲ್ಲ ಕಲಸಿಹೋಯಿತು, ಅದರ ಮೇಲೆ ಬಟ್ಟೆಯ ಥಾನುಗಳು ಬಂದು ಕೂತವು. ಏಡಿಯ ಹತ್ತಿರ ಇನ್ನೊಬ್ಬರು ಹೋಗುವ ಪ್ರಶ್ನೆಯೇ ಉಳಿಯಲಿಲ್ಲ.

ಇಪ್ಪತ್ತೆಂಟು ವರ್ಷದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಟೈಲರ್ ಫೋನ್ ಮಾಡಿದ.

"ಚಾಂಪಿಯನ್ನೇ, ಅಂಗಡಿ ಖಾಲಿ ಮಾಡ್ತಿದೀನಿ ಕಣೋ. ಮಷಿನ್ನು ಗುಜರಿಗೆ. ಐದು ಗಂಟೆಗೆ ಗಾಡಿ ಬರುತ್ತೆ. ನೋಡೋದಿದ್ರೆ ಬಂದು ನೋಡ್ಕೊ."

ಪಕ್ಕದಲ್ಲೇ ಇದ್ದ ಹೆಂಡತಿ ಎದ್ದು ಚಪ್ಪಲಿ ಮೆಟ್ಟಿದಳು. "ಮದುವೆಯಾದಾಗಿಂದ ಆ ಏಡಿ ಕತೆ ಕೇಳ್ತಿದೀನಿ. ಇವತ್ತು ಕಣ್ಣಾರೆ ತೋರಿಸಿಬಿಡಿ."

"ತೋರಿಸ್ತೀನಿ. ಆಮೇಲೆ ಮಾತಾಡು," ಎಂದ.

ಅಂಗಡಿಯಲ್ಲಿ ಹೊಲಿಗೆ ಯಂತ್ರದ ಎಣ್ಣೆಯ ಅದೇ ವಾಸನೆ. ಥಾನು ಇಳಿಸಿ, ದೂಳು ಹೊಡೆದು, ಸ್ವಿಚ್ ಹಾಕಿದರು. ಪರದೆಯೇನೋ ಬೆಳಗಿತು. ಆದರೆ ಆಟದ ವೀರನಿಗೆ ತಲೆ ಇರಲಿಲ್ಲ, ಕಾಲುಗಳೆರಡು ಮೋಡದಲ್ಲಿ ನಡೆಯುತ್ತಿದ್ದವು. ಅಕ್ಷರಗಳು ಡಬ್ಬಿಯಿಂದ ಚೆಲ್ಲಿದ ಗುಂಡಿಗಳ ಹಾಗೆ ಬಿದ್ದಿದ್ದವು.

"ಕ್ಯಾಸೆಟ್ಟಿಗೆ ಗಲೀಜು ಹಿಡಿದಿದೆ, ಅಷ್ಟೇ," ಎಂದು ಅವನು ಮಷಿನ್ನಿನ ಹಿಂದಿನ ಬಾಗಿಲು ತೆಗೆದು ಆಟದ ಕ್ಯಾಸೆಟ್ಟನ್ನು ಎಳೆದ.

ಪಕ್ಕದ ಬೇಕರಿಯವ ಬನ್ನು ಅಗಿಯುತ್ತ ಬಂದ. ಇವನ ಬಾಲ್ಯದ ಗೆಳೆಯ. "ಊದೋ! ಆಗ ಊದೇ ತಾನೆ ಆಡ್ತಿದ್ದಿದ್ದು? ಕೊಡಿಲ್ಲಿ." ಕಿತ್ತುಕೊಂಡು ತಾನೇ ಊದಿದ. ಬನ್ನಿನ ಪುಡಿ ಒಳಗೆ ಹೋಯಿತು. ಈ ಸಲ ವೀರನಿಗೆ ತಲೆ ಬಂತು, ಆದರೆ ಎರಡು.

"ತಾಳು, ಬ್ರಷ್ ತರ್ತೀನಿ."

ತಂದ ಬ್ರಷ್ಷು ಬ್ರೆಡ್ಡಿಗೆ ಬೆಣ್ಣೆ ಸವರುವಂಥದ್ದು. ಆಮೇಲೆ ಪರದೆಯಲ್ಲಿ ಏನೂ ಬರಲಿಲ್ಲ.

"ತೇವ ಆಗಿರ್ಬೇಕು," ಎಂದ ಟೈಲರ್, ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಕ್ಯಾಸೆಟ್ಟಿನ ಮೇಲೆ ಇಟ್ಟೇಬಿಟ್ಟ.

ಎದುರಂಗಡಿಯ ರೇಡಿಯೊ ರಿಪೇರಿಯವ ಮೂಗು ಮುಚ್ಚಿಕೊಂಡು ಓಡಿಬಂದ. "ಯಾರ್ರೀ ಅದು, ಟೈರ್ ಸುಡ್ತಿರೋದು?" ನಾಲ್ಕು ಸ್ಕ್ರೂ ಬಿಚ್ಚಿ ಒಳಗೆ ಇಣುಕಿದ. "ಇದರಲ್ಲಿ ಬೆಣ್ಣೆ ಯಾಕಿದೆ?"

ಬೇಕರಿಯವ ಸೂರು ನೋಡುತ್ತ ನಿಂತ.

ರಿಪೇರಿಯವ ಸ್ಪಿರಿಟ್ಟು, ಹತ್ತಿ, ಒಂದು ರಬ್ಬರು ಕೊಟ್ಟು ತೋರಿಸಿದ. ಕ್ಯಾಸೆಟ್ಟಿನ ಅಂಚಿನಲ್ಲಿ ಸಾಲಾಗಿ ತಾಮ್ರದ ಹಲ್ಲುಗಳಿದ್ದವು. ಒಂದೊಂದನ್ನೂ ರಬ್ಬರಿನಿಂದ ಉಜ್ಜಬೇಕು, ಸ್ಪಿರಿಟ್ಟಿನಲ್ಲಿ ಒರೆಸಬೇಕು. ಚಾಂಪಿಯನ್ ಯಾರಿಗೂ ಮುಟ್ಟಲು ಬಿಡಲಿಲ್ಲ, ಊಟಕ್ಕೂ ಏಳಲಿಲ್ಲ. ಉಜ್ಜುತ್ತ ಕೂತವನಿಗೆ ಸ್ಕೂಲ್ ಚೀಲವನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ನಿಂತಿದ್ದ ಮಧ್ಯಾಹ್ನಗಳೆಲ್ಲ ನೆನಪಾದವು. ಆಗ ಬೆನ್ನಹಿಂದೆ ಹತ್ತು ಜನ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಆಮೇಲೆ ಅವನ ಬೆನ್ನಹಿಂದೆ ಹಾಗೆ ನಿಂತವರು ಬಿಲ್ ಜಾಸ್ತಿ ಬಂತೆಂದು ಜಗಳಕ್ಕೆ ಬಂದವರು ಮಾತ್ರ.

ನಾಲ್ಕು ಗಂಟೆಗೆ ಚಿತ್ರ ಬಂತು. ಒಂದೇ ತಲೆ, ಕಾಲು ನೆಲದ ಮೇಲೆ.

"ಸಾಕು ಬಿಡಪ್ಪ," ಎಂದ ರಿಪೇರಿಯವ. "ಆ ಕೊನೇ ಎರಡು ಹಲ್ಲು ಕಪ್ಪಗಿದ್ರೂ ಓಡುತ್ತೆ."

"ಉಹೂಂ ಅಣ್ಣ. ಕೊನೇಲಿ ಬಣ್ಣ ಸರಿಯಾಗಿ ಕಾಣಬೇಕು. ಇವಳು ನೋಡ್ಬೇಕು." ಆ ಎರಡನ್ನೂ ಹೊಸ ತಂಬಿಗೆಯ ಹಾಗೆ ಹೊಳೆಸಿದ.

ಬೆರಳುಗಳು ಏನನ್ನೂ ಮರೆತಿರಲಿಲ್ಲ. ಸೇತುವೆ ಹಾರಿದ, ಬಾವಲಿಗಳನ್ನು ಬಡಿದ. ಬೇಕರಿಯವ ಒಲೆ ಮರೆತು ಕೂಗುತ್ತಿದ್ದ, "ಎಡಕ್ಕೆ ಬಾರೋ! ಎಡಕ್ಕೆ!" ಹೆಂಡತಿ ತುದಿಗಾಲಲ್ಲಿ ನಿಂತಿದ್ದಳು. ಏಳನೇ ಹಂತದಲ್ಲಿ ಏಡಿ ರಾಜ ಬಂತು. ನಾಲ್ಕೂಮುಕ್ಕಾಲಿಗೆ ಸತ್ತಿತು.

ಅವನು ಗುಂಡಿಗಳಿಂದ ಕೈ ತೆಗೆದು, ಮಷಿನ್ನಿಗೆ ಬೆನ್ನು ಮಾಡಿ, ಹೆಂಡತಿಯ ಮುಂದೆ ಎರಡೂ ಕೈ ಚಾಚಿದ. "ನೋಡು ಈಗ, ಬಣ್ಣ!"

"ಯಾವ ಬಣ್ಣ?" ಎಂದಳು. "ಏನೋ ಬರೆದಿದೆಯಲ್ಲ."

ರಿಪೇರಿಯವ ಕನ್ನಡಕ ಏರಿಸಿ ಓದಿದ. "ಏಳು ಹಂತ ಮುಗೀತು, ಇನ್ನು ಇಪ್ಪತ್ತೈದು ಬಾಕಿ ಅಂತಿದೆ. ತಯಾರಾಗಿ ಅಂತಾನೂ ಇದೆ."

ಪರದೆಯಲ್ಲಿ ಒಂದು ಬಾಗಿಲು ತೆರೆಯಿತು. ಹೆಬ್ಬೆರಳಷ್ಟು ದೊಡ್ಡ ಕಪ್ಪೆಯೊಂದು ಹೊರಬಂದು ವೀರನನ್ನು ನುಂಗಿತು. ಅವನು ತಿರುಗುವಷ್ಟರಲ್ಲಿ ಇನ್ನೊಮ್ಮೆ ನುಂಗಿತು. ಮೂರನೇ ಸಲ ಅವನು ನೋಡುತ್ತಿರುವಾಗಲೇ ನುಂಗಿತು.

"ಹಂಗಾದ್ರೆ ಅವತ್ತಿನ ಬಣ್ಣ?" ಎಂದ ಟೈಲರ್.

"ಆ ಎರಡು ಹಲ್ಲಿನ ಗಲೀಜು," ಎಂದ ರಿಪೇರಿಯವ. "ಮುಂದಿನ ಚಿತ್ರ ಸಿಗದೆ ಮಷಿನ್ನು ಜ್ಞಾನ ತಪ್ಪಿತ್ತು. ನೀವು ಚಪ್ಪಾಳೆ ತಟ್ಟಿದ್ರಿ."

ಬೇಕರಿಯವ ತಲೆ ಕೆರೆದುಕೊಂಡ. "ಲೋ, ಏಡಿ ಕೊಂದಾಗ ಅದೇ ಬಣ್ಣ ನಂಗೂ ಬಂದಿತ್ತು ಕಣೋ. ನಿನಗಿಂತ ಎರಡು ದಿನ ಮೊದ್ಲು. ಮಷಿನ್ ಕೆಡಿಸಿಬಿಟ್ಟೆ ಅಂತ ಹೆದರಿ, ವೈರ್ ಕಿತ್ತು ಓಡಿಹೋಗಿದ್ದೆ. ಇವತ್ತಿನವರೆಗೂ ಬಾಯಿ ಬಿಟ್ಟಿರಲಿಲ್ಲ."

"ಹಂಗಾದ್ರೆ ಚಾಂಪಿಯನ್ ನೀನಾ?" ಎಂದ ಟೈಲರ್.

"ಯಾತರಲ್ಲಿ, ಗಲೀಜಲ್ಲಾ?" ಎಂದಳು ಹೆಂಡತಿ.

ಐದಕ್ಕೆ ಸರಿಯಾಗಿ ಗುಜರಿ ಗಾಡಿ ಬಂತು. ಮಷಿನ್ನು ಒಬ್ಬಿಬ್ಬರಿಗೆ ಅಲ್ಲಾಡಲಿಲ್ಲ. ಟೈಲರ್ ಒಂದು ಮೂಲೆ ಹಿಡಿದು, ತಿರುಗಿ ನೋಡದೆ ಕೂಗಿದ, "ಏ ಮೀಟರ್ನವನೇ, ಒಂಚೂರು ಕೈ ಕೊಡು."

ಅವನು ಕೈ ಕೊಟ್ಟ.

ಆ ದಿನ ಹೋದದ್ದು ಆಟದ ಮೂರು ಜೀವ, ಅಂಗಡಿಯ ಒಂದು ಮಷಿನ್ನು, ಬೀದಿಯ ಒಂದು ಹೆಸರು.